ಕಂಡದ್ದೆಷ್ಟು, ಊಹಿಸಿದ್ದೆಷ್ಟು

"ಕಾಲು ಮೇಲೆತ್ತಿ, ಕಾಲು!" ಎಂದು ಟೈಪಿಸ್ಟಮ್ಮ ಒಳಗಿನಿಂದ ಕೂಗಿದರು.

"ಯಾರ ಕಾಲು, ನಂದಾ ಸೋಫಾದ್ದಾ?" ಎಂದ ಕಿವಿಯಣ್ಣ ಹೊರಗಿನಿಂದ.

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು ಆಗಲೇ ಬಹಳ ಹೊತ್ತಾಗಿತ್ತು. ಅದು ಹೊರಗೆ ಹೋದರೆ ಮುಂದಿನ ಕೋಣೆಯಲ್ಲಿ ಜಾಗವಾಗುತ್ತದೆ. ಜಾಗವಾದರೆ ಅಕ್ಕನನ್ನು ಮಲಗುವ ಕೋಣೆಯಿಂದ ತಂದು ಅಲ್ಲಿ ಮಲಗಿಸಬಹುದು, ನೋಡಲು ಬಂದವರು ಸುತ್ತ ನಿಲ್ಲಬಹುದು. ಬೆಳಿಗ್ಗೆ ಅಕ್ಕ ಏಳಲಿಲ್ಲ. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ, ನಿದ್ದೆಯಲ್ಲೇ ಹೋಗಿದ್ದಾರೆ, ಪುಣ್ಯವಂತರು ಅಂದರು. ಅಕ್ಕನ ಗಂಡ ಅದನ್ನು ಕೇಳಿಸಿಕೊಂಡು ಸುಮ್ಮನೆ ಅಡುಗೆಮನೆಗೆ ಹೋದವರು ಇನ್ನೂ ಹೊರಗೆ ಬಂದಿರಲಿಲ್ಲ.

ಅಕ್ಕನನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರಿಂದ ಅವಳ ಗಂಡ ಎಲ್ಲರಿಗೂ ಭಾವ ಆಗಿಬಿಟ್ಟಿದ್ದರು. ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಇಡೀ ಸರ್ವಿಸಿನಲ್ಲಿ ಒಂದು ನಾಯಿಗೂ ಗಾಡಿ ತಾಗಿಸಿದವರಲ್ಲ. ಅದೊಂದೇ ಅವರ ಜಂಬ.

ಕೊನೆಗೆ ಸೋಫಾ ಹೊರಬಿತ್ತು. ಕಿವಿಯಣ್ಣನ ಅಂಗೈ ತರಚಿತು. ಅವನು ಸಲೂನು ನಡೆಸುವವನು. ಒಂದು ಕಿವಿಯಲ್ಲಿ ಸದಾ ಯಾವುದಾದರೊಂದು ಕೊಲೆಯ ಪಾಡ್‌ಕಾಸ್ಟು, ಇನ್ನೊಂದು ಕಿವಿ ಮಾತ್ರ ಗಿರಾಕಿಗೆ. ಅಡ್ಡಹೆಸರು ಬಂದದ್ದು ಹಾಗೆ. ಇವತ್ತು ಎರಡು ಕಿವಿಯೂ ಖಾಲಿ ಇದ್ದವು.

ಅಕ್ಕನನ್ನು ತಂದು ಮಲಗಿಸಿದರು. ಮಗಳು ಸೆರಗು ಸರಿಮಾಡಿ ಪಕ್ಕದಲ್ಲಿ ಕೂತಳು. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಅಮ್ಮನ ಈ ಬಳಗವನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ.

"ರಾತ್ರಿ ಚೆನ್ನಾಗೇ ಇದ್ರಂತೆ?" ಎಂದು ಯಾರೋ ಕೇಳಿದರು.

"ಚೆನ್ನಾಗೇ ಇದ್ರು. ಊಟ ಮಾಡಿ ಮಲ್ಗಿದ್ರು," ಎಂದಳು ಮಗಳು.

"ಆಗ ಮನೇಲಿ ಇನ್ಯಾರಿದ್ರು?" ಎಂದುಬಿಟ್ಟ ಕಿವಿಯಣ್ಣ.

ಅವನೇನೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಎಷ್ಟೋ ವರ್ಷಗಳಿಂದ ಪ್ರತಿ ಗುರುವಾರ ಕೇಳಿ ಕೇಳಿ ನಾಲಿಗೆಗೆ ಅಂಟಿದ ಪ್ರಶ್ನೆ, ತಾನಾಗಿ ಜಾರಿತು. ಮಗಳು ತಲೆಯೆತ್ತಿ ಅವನನ್ನು ನೋಡಿದ ರೀತಿಗೆ ಅವನು ತರಚಿದ ಅಂಗೈಯನ್ನೇ ನೋಡಿಕೊಳ್ಳತೊಡಗಿದ. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು.

*

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ಹೊಸ ಕನ್ನಡಕ ಬಂದಾಗ ಓದಿ ನೋಡಲು ಬೇರೆ ಅಂಗಡಿಗಳಲ್ಲಿ ಸಣ್ಣ ಅಕ್ಷರದ ಕಾರ್ಡು ಕೊಡುತ್ತಾರೆ. ಅಕ್ಕನಿಗೆ ಆ ಕಾರ್ಡು ಕಂಡರೆ ಬೇಜಾರು. ಕೌಂಟರಿನ ಕೆಳಗಿನಿಂದ ಒಂದು ಪುಸ್ತಕ ತೆಗೆದು, ಗುರುತು ಮಾಡಿಟ್ಟ ಪುಟ ಬಿಡಿಸಿ ಗಿರಾಕಿಯ ಕೈಗೆ ಕೊಡುವಳು. ನಿಜವಾಗಿ ನಡೆದ ಅಪರಾಧದ ಪುಸ್ತಕ. ಬೆಳಗಿನಿಂದ ತೆರೆದೇ ಇದ್ದ ಬಾಗಿಲು, ಒಲೆಯ ಮೇಲೆ ಸೀದುಹೋದ ಪಾತ್ರೆ, ಎರಡು ದಿನದಿಂದ ಕೆಲಸಕ್ಕೆ ಬಾರದ ಗುಮಾಸ್ತ. ಗಿರಾಕಿ ಪುಟದ ಕೊನೆಗೆ ಬಂದು, ಮುಂದಿನ ಪುಟ ತಿರುಗಿಸಲು ಬೆರಳು ಚಾಚುವಷ್ಟರಲ್ಲಿ ಅಕ್ಕ ಪುಸ್ತಕ ಕಿತ್ತುಕೊಳ್ಳುವಳು.

"ಕಾಣಿಸ್ತಲ್ಲ? ನಂಬರ್ ಸರಿಯಿದೆ."

"ಅಲ್ಲಮ್ಮಾ, ಆಮೇಲೇನಾಯ್ತು?"

"ಗುರುವಾರ ಬನ್ನಿ."

ಬಂದರು. ಅಂಗಡಿ ಮುಚ್ಚಿದ ಮೇಲೆ, ಹಿಂದಿನ ಕೋಣೆಯಲ್ಲಿ, ಫ್ರೇಮುಗಳ ರಟ್ಟಿನ ಡಬ್ಬಗಳ ನಡುವೆ ಕೂತು ಪುಸ್ತಕ, ಪಾಡ್‌ಕಾಸ್ಟು, ಪತ್ರಿಕೆಗಳ ತನಿಖಾ ವರದಿ ಎಂದು ಒಬ್ಬರಿಗೊಬ್ಬರು ಶಿಫಾರಸು ಮಾಡುತ್ತ ಟೀ ತಣ್ಣಗಾಗಲು ಬಿಟ್ಟರು. ಅಕ್ಕ ಯಾರಿಗೂ ಸುಮ್ಮನೆ ಕೊಡುತ್ತಿರಲಿಲ್ಲ. ಆಳು ನೋಡಿ ಕೊಡುತ್ತಿದ್ದಳು. ಅವರವರ ನಂಬರಿಗೆ ಸರಿಯಾದದ್ದು ಕೊಡಬೇಕು, ಇಲ್ಲದಿದ್ದರೆ ತಲೆನೋವು ಬರುತ್ತದೆ ಅನ್ನುವಳು. ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತ ಸುಳ್ಳು ಸಾಕ್ಷಿ ಟೈಪಿಸಿ ಟೈಪಿಸಿ ಮನುಷ್ಯರ ಮೇಲೇ ಜಿಗುಪ್ಸೆ ಹುಟ್ಟಿಸಿಕೊಂಡಿದ್ದ ಟೈಪಿಸ್ಟಮ್ಮನಿಗೆ, ತಪ್ಪಾಗಿ ಜೈಲಿಗೆ ಹೋದವನೊಬ್ಬನ ಹಿಂದೆ ವರ್ಷಗಟ್ಟಲೆ ಬಿದ್ದು ಅವನನ್ನು ಬಿಡಿಸಿದ ವರದಿಗಾರ್ತಿಯ ಲೇಖನಮಾಲೆ ಕೊಟ್ಟಳು. ಕಿವಿಯಣ್ಣನಿಗೆ ಮೊದಲು ಕೊಟ್ಟದ್ದು ನಕಲಿ ಉಯಿಲುಗಳ ಮೇಲಿನ ಪಾಡ್‌ಕಾಸ್ಟು. "ಕತ್ತಿ ಹಿಡಿಯೋ ಕೈ ನಿಂದು. ರಕ್ತ ಸ್ವಲ್ಪ ದಿನ ಬೇಡ," ಎಂದಿದ್ದಳು.

ಅವಳದು ಒಂದು ಕಟ್ಟಳೆ. ಯಾರು ಏನನ್ನೇ ಶಿಫಾರಸು ಮಾಡಲಿ, ಮೊದಲು ಅದರಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬಿಡಿಸಿ ಹೇಳಬೇಕು. ಒಂದು ಸಲ ಕಿವಿಯಣ್ಣ ಎಲ್ಲರೂ ಹೊಗಳುತ್ತಿದ್ದ ಪಾಡ್‌ಕಾಸ್ಟೊಂದನ್ನು ತಂದ. ಅದರಲ್ಲಿ ಕೊಲೆಯಾದ ಹುಡುಗಿ ಕೊನೆಯ ಗಳಿಗೆಯಲ್ಲಿ ಏನೇನು ಯೋಚಿಸಿದಳು ಎಂದು ನಿರೂಪಕ ಗದ್ಗದಿತನಾಗಿ ಹೇಳುತ್ತಿದ್ದ.

"ನಿಲ್ಲಿಸು," ಎಂದಳು ಅಕ್ಕ. "ಹುಡುಗಿ ಸತ್ತಿದಾಳೆ. ಕೊಂದವನು ಬಾಯಿ ಬಿಟ್ಟಿಲ್ಲ. ಅವಳು ಯೋಚಿಸಿದ್ದು ಇವನಿಗೆ ಯಾರು ಹೇಳಿದ್ರು?"

"ಇರಬಹುದು ಅಂತ..."

"ಇರಬಹುದು ಅಂತಾನೇ ಎಷ್ಟೋ ಜನ ಒಳಗಿದಾರೆ."

ಅವಳನ್ನು ಕರೆದೊಯ್ಯಲು ಬರುತ್ತಿದ್ದ ಭಾವ ಬಾಗಿಲಿಗೆ ಒರಗಿ ನಿಂತು ಒಂದೆರಡು ನಿಮಿಷ ಕೇಳಿ, ಪ್ರತಿ ವಾರವೂ ಅದೇ ತೀರ್ಪು ಕೊಡುತ್ತಿದ್ದರು: "ಗಂಡನೇ ಮಾಡಿರ್ತಾನೆ ಬಿಡ್ರಪ್ಪ. ನಡಿಯೇ, ಹೊಟ್ಟೆ ಹಸೀತಿದೆ." ಎಲ್ಲರೂ ನಗುತ್ತಿದ್ದರು. ಹಾಳಾದ್ದು, ಬಹಳ ಸಲ ಅದು ನಿಜವೇ ಆಗಿರುತ್ತಿತ್ತು.

*

ಟೈಪಿಸ್ಟಮ್ಮ ಅಡುಗೆಮನೆಗೆ ಹೋದಾಗ ಭಾವ ನಲ್ಲಿಯ ಕೆಳಗೆ ಒಂದು ಲೋಟ ತೊಳೆಯುತ್ತಿದ್ದರು. ತೊಳೆದು ಬೋರಲು ಹಾಕಿದರು. ಮತ್ತೆ ಎತ್ತಿಕೊಂಡು ತೊಳೆದರು.

"ಭಾವ, ಅದು ಎಷ್ಟನೇ ಸಲ?"

ಭಾವ ತಿರುಗಲಿಲ್ಲ. "ಅವನು ಕೇಳಿದ್ದು ಸರಿಯಾಗೇ ಇದೆ. ಮನೇಲಿ ನಾನಿದ್ದೆ."

"ಅವನಿಗೆ ಬುದ್ಧಿ ಇಲ್ಲ, ಬಿಡಿ."

"ನಾನೇ ಕೊಂದೆ, ಟೈಪಿಸ್ಟಮ್ಮ."

ಕೋರ್ಟಿನಲ್ಲಿ ಇದಕ್ಕಿಂತ ಜೋರಾದ ತಪ್ಪೊಪ್ಪಿಗೆಗಳನ್ನು ಟೈಪಿಸ್ಟಮ್ಮ ಕೇಳಿದ್ದರು. ಹೋಗಿ ನಲ್ಲಿ ನಿಲ್ಲಿಸಿದರು, ಲೋಟ ಕಸಿದುಕೊಂಡರು, ಭಾವನನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಈಗ ಹೇಳಿ."

"ರಾತ್ರಿ ಊಟ ಆದ್ಮೇಲೆ ಅವಳ ಬಿಪಿ ಮಾತ್ರೆ ನಾನೇ ಕೊಡೋದು. ಕೊಟ್ಟೆ. ಆಮೇಲೆ ಪಾತ್ರೆ ಎತ್ತಿಟ್ಟು ಬಂದೆ. ಕೊಟ್ಟಿಲ್ಲ ಅನ್ನಿಸ್ತು. ಮತ್ತೆ ಕೊಟ್ಟೆ. ಬೆಳಿಗ್ಗೆ ಪಟ್ಟಿ ನೋಡಿದ್ರೆ..." ಅವರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದರು. ತೆಳು ಹಳದಿ ಮಾತ್ರೆಗಳು. ಎರಡು ಗೂಡು ಖಾಲಿ. "ನಿನ್ನೆ ಸಂಜೆ ತಂದಿದ್ದು. ಹಳೇ ಬಿಳಿ ಮಾತ್ರೆ ಸ್ಟಾಕಿಲ್ಲ, ಬೇರೆ ಕಂಪನಿದು ಅಂತ ಮೆಡಿಕಲ್ ಅಂಗಡಿಯವನು ಕೊಟ್ಟ. ರಾತ್ರೀನೇ ಬಿಚ್ಚಿದ್ದು. ಒಂದು ಖಾಲಿ ಇರ್ಬೇಕು, ಎರಡಿದೆ."

"ಡಾಕ್ಟರಿಗೆ ಹೇಳಿದ್ರಾ?"

"ಹೇಳಿದ್ರೆ ಏನಂತಾರೆ? ಅದ್ರಿಂದ ಏನಾಗಲ್ಲ, ಸುಮ್ನಿರಿ ಅಂತಾರೆ. ಒಳ್ಳೇ ಮನುಷ್ಯ, ಸಮಾಧಾನಕ್ಕೆ ಹೇಳ್ತಾರೆ. ನಂಗೆ ಸಮಾಧಾನ ಬೇಡ. ಬಸ್ಸು ತುಂಬ ಜನ ಕೂರಿಸ್ಕೊಂಡು ಅಷ್ಟು ವರ್ಷ ಓಡಿಸ್ದೆ. ಒಬ್ಬಳನ್ನ ಮನೇಲಿಟ್ಕೊಂಡು ನೋಡ್ಕೊಳ್ಳೋಕಾಗ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಬೆನ್ನು ಸವರುತ್ತಿದ್ದರು. ಟೈಪಿಸ್ಟಮ್ಮ ಗುರುವಾರದವರು. ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಕಂಡದ್ದಷ್ಟೇ ಹೇಳಿ. ಎರಡನೇ ಮಾತ್ರೆ ಕೊಟ್ರಿ. ಅಕ್ಕ ಏನ್ ಮಾಡಿದ್ರು?"

"ಕೈಗೆ ತಗೊಂಡಳು."

"ಬಾಯಿಗೆ ಹಾಕ್ಕೊಂಡ್ರಾ?"

"ಹಾಕ್ಕೊಂಡಿರ್ತಾಳೆ."

"ಇರ್ತಾಳೆ ಅನ್ನೋದು ಬೇಡ ಭಾವ. ನೋಡಿದ್ರಾ?"

ಭಾವ ಹಣೆ ಉಜ್ಜಿಕೊಂಡರು. "ಗ್ಯಾಸ್ ಆರ್ಸಿದೀರಾ ನೋಡಿ ಬನ್ರೀ ಅಂದಳು. ಹೋಗಿ ನೋಡ್ದೆ. ಬಂದಾಗ ಲೋಟ ಖಾಲಿ ಇತ್ತು."

"ಅಂದ್ರೆ ನುಂಗಿದ್ದು ನೀವು ನೋಡಿಲ್ಲ."

"ನೋಡಿಲ್ಲ."

ಬಾಗಿಲಲ್ಲಿ ಕ್ಷಮೆ ಕೇಳಲು ಬಂದು ನಿಂತಿದ್ದ ಕಿವಿಯಣ್ಣ ಮೆಲ್ಲಗೆ ಹೇಳಿದ: "ನುಂಗಿಲ್ದಿದ್ರೆ ಆ ಮಾತ್ರೆ ಎಲ್ಲಾದ್ರೂ ಇರ್ಬೇಕಲ್ಲ."

*

ಮಗಳು ಒಳಗೆ ಬಂದಾಗ ಅಮ್ಮನ ಹಾಸಿಗೆ ಬುಡಮೇಲಾಗಿತ್ತು. ಟೈಪಿಸ್ಟಮ್ಮ ದಿಂಬಿನ ಕವಚ ಕಳಚುತ್ತಿದ್ದರು. ಕಿವಿಯಣ್ಣ ನೆಲಕ್ಕೆ ಕೆನ್ನೆಯಿಟ್ಟು ಮಂಚದ ಕೆಳಗೆ ಮೊಬೈಲಿನ ಬೆಳಕು ಬಿಡುತ್ತಿದ್ದ. ಅಪ್ಪ ಗೋಡೆಗೆ ಒರಗಿ ನಿಂತಿದ್ದರು.

"ನಾಚಿಕೆ ಆಗಲ್ವಾ ನಿಮಗೆ?" ಅವಳ ದನಿ ಮುಂದಿನ ಕೋಣೆಗೂ ಕೇಳಿಸಿತು. "ಅಮ್ಮ ಇನ್ನೂ ಮನೇಲೇ ಇದಾಳೆ. ಇಲ್ಲೂ ನಿಮಗೊಂದು ಕೇಸು ಬೇಕಾಯ್ತಾ? ಮುಂದಿನ ಗುರುವಾರಕ್ಕೆ ಮಾತಾಡೋಕೆ?"

ಕಿವಿಯಣ್ಣ ಮಂಚದ ಕೆಳಗಿನಿಂದ ಹೊರಗೆ ಬರುವ ಧೈರ್ಯ ಮಾಡಲಿಲ್ಲ.

"ಅವರನ್ನ ಬೈಬೇಡ ಪುಟ್ಟಿ," ಎಂದರು ಭಾವ. "ಹುಡುಕ್ತಿರೋದು ನನಗೋಸ್ಕರ." ಮತ್ತೆ ಎಲ್ಲವನ್ನೂ ಹೇಳಿದರು. ಎರಡನೇ ಸಲ ಹೇಳುವಾಗ ಮಾತು ಇನ್ನೂ ಕಷ್ಟವಾಯಿತು.

ಮಗಳು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಬೆಳಗಿನಿಂದ ಅಪ್ಪ ತನ್ನ ಮುಖ ನೋಡದೆ ಇದ್ದದ್ದು ಏಕೆಂದು ಈಗ ತಿಳಿಯಿತು. ಅವಳಿಗೆ ಸಿಟ್ಟು ಇಳಿದು ಹೆದರಿಕೆ ಹತ್ತಿತು: ಆ ಮಾತ್ರೆ ಸಿಗದಿದ್ದರೆ ಈ ಮನುಷ್ಯ ಉಳಿದ ಆಯುಷ್ಯವನ್ನೆಲ್ಲ ಅದೇ ಲೋಟ ತೊಳೆಯುತ್ತ ಕಳೆಯುತ್ತಾರೆ.

"ದಿಂಬಲ್ಲಿ ಹುಡುಕಿ ಏನು ಪ್ರಯೋಜನ ಆಂಟಿ," ಎಂದಳು ಕೊನೆಗೆ. "ನಾನು ಚಿಕ್ಕವಳಿದ್ದಾಗ ಅಮ್ಮ ಚಾಕಲೇಟು ಎಲ್ಲಿ ಬಚ್ಚಿಡ್ತಿದ್ಲು ಗೊತ್ತಾ?"

ಎದ್ದು ಕಿಟಕಿಯ ಬಳಿಗೆ ಹೋದಳು. ಅಲ್ಲಿ ಅಕ್ಕನ ಕನ್ನಡಕದ ಡಬ್ಬಿ ಇತ್ತು. ತೆರೆದಳು. ಕನ್ನಡಕ ತೆಗೆದಳು, ಒರೆಸುವ ಬಟ್ಟೆ ಎತ್ತಿದಳು. ಆಮೇಲೆ ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಮಾಡಿದಳು.

ಮಾತ್ರೆಗಳು ಬಿದ್ದವು. ಬಿಳಿಯವು ಒಂದು ಹಿಡಿಯಷ್ಟು. ಅವುಗಳ ನಡುವೆ ತೆಳು ಹಳದಿಯದು ಒಂದೇ ಒಂದು.

ಮಗಳು ಆ ಹಳದಿ ಮಾತ್ರೆ ಎತ್ತಿ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಳು. ಅದೇ.

"ಪಟ್ಟಿಯಿಂದ ಹೋಗಿದ್ದು ಎರಡು. ಒಂದು ಇಲ್ಲಿದೆ," ಎಂದಳು, ಪಾಠ ಹೇಳುವ ದನಿಯಲ್ಲೇ. "ಅಮ್ಮ ನುಂಗಿದ್ದು ಒಂದೇ ಅಪ್ಪ. ದಿನಾ ನುಂಗೋದು."

ಭಾವ ಬಿಳಿ ಮಾತ್ರೆಗಳನ್ನು ನೋಡುತ್ತಿದ್ದರು. "ಮತ್ತೆ ಇವು?"

ಉತ್ತರ ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇದು ನಿನ್ನೆಯ ಮರೆವಲ್ಲ. ಆರು ತಿಂಗಳ ಹಿಂದೆ ಒಮ್ಮೆ ಗ್ಯಾಸು ಆರಿಸಲು ಮರೆತದ್ದನ್ನು ಅಕ್ಕ ಎತ್ತಿ ಹೇಳಿದಾಗ ಭಾವ ವಾರಗಟ್ಟಲೆ ಮಾತು ಬಿಟ್ಟು, ಊಟ ಬಿಟ್ಟು, ನಾನಿನ್ನೂ ಯಾಕಾದರೂ ಇದ್ದೇನೋ ಎಂದು ಕೂತಿದ್ದರು. ಅಂದಿನಿಂದ ಅಕ್ಕ ಹೇಳುವುದನ್ನೇ ನಿಲ್ಲಿಸಿದ್ದಳು. ಎರಡನೇ ಸಲ ಮಾತ್ರೆ ಬಂದಾಗಲೆಲ್ಲ ಕೈ ಚಾಚಿ ತೆಗೆದುಕೊಂಡು, ಏನೋ ನೆಪ ಹೇಳಿ ಗಂಡನನ್ನು ಆಚೆ ಕಳಿಸಿ, ಬರೀ ನೀರು ಕುಡಿದಿದ್ದಳು.

"ನಂಗೂ ಹೇಳ್ಲಿಲ್ಲ ಅವಳು," ಎಂದಳು ಮಗಳು.

"ಅಂದ್ರೆ ನಾನು ಮರೀತಿದೀನಿ."

"ಹೌದಪ್ಪ."

"ಕೊಂದಿಲ್ಲ."

"ಇಲ್ಲ."

ಟೈಪಿಸ್ಟಮ್ಮ ಎದ್ದು ನಿಂತು, ಕೋರ್ಟಿನಲ್ಲಿ ಸೀರೆ ಸರಿಮಾಡಿಕೊಳ್ಳುತ್ತಿದ್ದ ಹಾಗೆ ಸೆರಗು ಎಳೆದುಕೊಂಡರು. "ಭಾವ, ಈ ಸಲ ಗಂಡ ಅಲ್ಲ."

ಭಾವ ಮೊದಲು ನಕ್ಕರು. ಆಮೇಲೆ ಅತ್ತರು, ಬೆಳಗಿನಿಂದ ಮೊದಲ ಸಲ, ದೊಡ್ಡ ದನಿಯಲ್ಲಿ, ಮೂಗು ಸುರಿಸಿಕೊಂಡು. ಮುಂದಿನ ಕೋಣೆಯಲ್ಲಿದ್ದವರು ಪಾಪ, ಈಗ ದುಃಖ ಕಟ್ಟೆಯೊಡೆಯಿತು ಎಂದುಕೊಂಡರು. ಒಳಗಿದ್ದ ನಾಲ್ವರಿಗೂ ಬಂಡೆಯೊಂದು ಎದೆಯಿಂದ ಇಳಿದ ಹಾಗಿತ್ತು. "ಮರೆತ್ರೆ ಮರೀತೀನಿ ಬಿಡು," ಅನ್ನುತ್ತಿದ್ದರು ಭಾವ, ಮಗಳ ಭುಜಕ್ಕೆ ಹಣೆಯಿಟ್ಟು. "ಮರೆತ್ರೆ ಮರೀತೀನಿ."

*

ಮಧ್ಯಾಹ್ನ ಶವದ ವ್ಯಾನು ಹೊರಟಿತು. ಹಿಂದೆ ಅಕ್ಕ. ಮುಂದೆ ಡ್ರೈವರನ ಪಕ್ಕದಲ್ಲಿ ಮಗಳು, ಕಿಟಕಿಯ ಕಡೆ ಭಾವ. ವ್ಯಾನಿನ ಹಿಂದೆ ನಾಲ್ಕಾರು ಕಾರು, ಒಂದಷ್ಟು ಸ್ಕೂಟರು.

ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದೆಂದರೆ ಭಾವನಿಗೆ ಹಿಂಸೆ. ತಿರುವು ಬಂದರೆ ಸಾಕು, ಅವರ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿಕೊಂಡು ನೆಲ ಒತ್ತುತ್ತಿತ್ತು. ಇವತ್ತೂ ಹಾಗೇ. ಮೊದಲ ಸಿಗ್ನಲ್ಲಿನಲ್ಲಿ ಒತ್ತಿದರು, ಎದುರಿಗೆ ಲಾರಿ ಬಂದಾಗ ಒತ್ತಿದರು. ಡ್ರೈವರು ಅದನ್ನು ಕಂಡು ವೇಗ ತಗ್ಗಿಸಿದ. ಸೇತುವೆ ದಾಟುವಷ್ಟರಲ್ಲಿ ಮಗಳ ಭುಜ ಭಾರವಾಯಿತು. ನೋಡಿದರೆ ಅಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಗೊರಕೆ ಕೂಡ.

ಸ್ಮಶಾನದ ಗೇಟು ಕಾಣಿಸಿತು. "ಎಬ್ಬಿಸ್ಲಾ ಮೇಡಂ?" ಎಂದ ಡ್ರೈವರು.

ಅವಳು ಹಿಂದಕ್ಕೆ ತಿರುಗಿ ಅಮ್ಮನನ್ನು ಒಮ್ಮೆ ನೋಡಿದಳು.

"ಬೇಡ. ಇನ್ನೊಂದು ಸುತ್ತು ಹಾಕಿ."

ವ್ಯಾನು ಗೇಟು ದಾಟಿ ಮುಂದೆ ಹೋಯಿತು. ಅವಳ ಫೋನು ಗುಂಯ್ಗುಟ್ಟಿತು. ಕಿವಿಯಣ್ಣ.

"ಏನಮ್ಮ, ದಾರಿ ತಪ್ಪಿತಾ?"

"ಇಲ್ಲ. ಅಪ್ಪ ಮಲ್ಗಿದಾರೆ."

ಆ ಕಡೆ ಕಾರಿನ ಕಿಟಕಿ ಇಳಿಸಿ ಪಕ್ಕದ ಸ್ಕೂಟರಿಗೆ ಅವನು ಅದನ್ನೇ ಹೇಳಿದ್ದು ಕೇಳಿಸಿತು. ಸ್ಕೂಟರಿನವನು ನಿಧಾನಿಸಿ ಹಿಂದಿನ ಕಾರಿಗೆ ಹೇಳಿದ. ಮುಂದಿನ ವೃತ್ತದಲ್ಲಿ ವ್ಯಾನು ತಿರುಗಿತು. ಅದರ ಹಿಂದೆ ಒಂದೊಂದಾಗಿ ಎಲ್ಲ ಗಾಡಿಗಳೂ ತಿರುಗಿದವು. ಯಾರೂ ಹಾರ್ನು ಮಾಡಲಿಲ್ಲ. ತಿರುವಿನಲ್ಲಿ ಭಾವನ ಚಪ್ಪಲಿ ಜಾರಿ ಬಿತ್ತು. ಬಲಗಾಲು ಸುಮ್ಮನೆ ಪಕ್ಕಕ್ಕೆ ವಾಲಿಕೊಂಡಿತ್ತು.