ಒಂಬತ್ತೂವರೆ ಬೆರಳು

ಉಣಕಲ್ಲಿನ ಆ ಒಂದು ಖೋಲಿಯ ಮನೆಯಲ್ಲಿ ಹಗಲು ಹೊತ್ತು ಕುಕ್ಕರು ಸೀಟಿ ಹೊಡೆಯುತ್ತಿರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳವೂ ಇರಲಿಲ್ಲ. ಟೀವಿಯಲ್ಲಿ ಹೀರೋ ಹತ್ತು ಜನರನ್ನು ಹೊಡೆದುರುಳಿಸಿದರೂ ದನಿಯಿಲ್ಲದೇ ಉರುಳಿಸಬೇಕಿತ್ತು. ಅವನ ಬಾಯಿಗೆ ಡೈಲಾಗು ತುಂಬುವ ಕೆಲಸ ಒಂಬತ್ತು ವರ್ಷದ ಐಶ್ವರ್ಯಾಳದು. ಅದೂ ಮನಸ್ಸಿನಲ್ಲೇ.

ಯಾಕೆಂದರೆ ಮೂಲೆಯಲ್ಲಿ ದೊಡ್ಡಪ್ಪ ಸಿದ್ದಲಿಂಗಪ್ಪ ಕೌದಿ ಹೊದ್ದು ಮಲಗಿರುತ್ತಿದ್ದ. ತಾರಿಹಾಳದ ಕಾರ್ಖಾನೆಯಲ್ಲಿ ಅವನದು ರಾತ್ರಿಪಾಳಿ. ಒಮ್ಮೆ ತೂಕಡಿಸಿದ್ದಕ್ಕೆ ಪ್ರೆಸ್ ಮಷೀನು ಎಡಗೈಯ ಕಿರುಬೆರಳನ್ನು ಅರ್ಧ ನುಂಗಿತ್ತು.

ಎರಡು ವರ್ಷದ ಹಿಂದೆ ಒಂದೇ ಅಪಘಾತದಲ್ಲಿ ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಐಶ್ವರ್ಯಾ ಈ ಮನೆಗೆ ಬಂದಳು. ಬಂದ ವಾರವೇ ಪಾಠವನ್ನು ಗಟ್ಟಿಯಾಗಿ ಓದಿದಳು. ಕೌದಿಯೊಳಗಿಂದ ಹಾರಿ ಬಂದ ಚೊಂಬು ಗೋಡೆಗೆ ಬಡಿದು ನೆಗ್ಗಿತು. ದೊಡ್ಡವ್ವ ನಾಗರತ್ನಾ ಅವಳನ್ನು ಹೊರಗೆ ಕರೆದೊಯ್ದು ಪಿಸುಗುಟ್ಟಿದಳು: "ಅವ್ರ ನಿದ್ದಿ ಕೆಡಸಬ್ಯಾಡವಾ. ನಿದ್ದಿ ಕೆಟ್ರ ಮಷೀನು ಕೈ ಬಿಡಂಗಿಲ್ಲ. ಅವ್ರಿಗೇನರ ಆದ್ರ ನಿನಗ ಯಾರ್ ದಿಕ್ಕು?"

ಅಂದಿನಿಂದ ಪುಸ್ತಕ ತೆರೆದರೆ ಸಾಕು, ಐಶ್ವರ್ಯಾಳ ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು. ಅವಳು ಓದಿದರೆ ದೊಡ್ಡಪ್ಪ ಏಳುತ್ತಾನೆ, ದೊಡ್ಡಪ್ಪ ಎದ್ದರೆ ಮಷೀನು ಅವನನ್ನು ಎಳೆದುಕೊಳ್ಳುತ್ತದೆ.

ಸಾಲಿಯ ಅಂಗಳದಲ್ಲಿ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. "ಏ ರೋಹಿತಾ, ಇಂಟರ್ವಲ್ ತನಕಾ ನೀ ಹೀರೋ! ಆಮ್ಯಾಲೆ ನನ್ನ ಎಂಟ್ರಿ!" ಎಂದು ತನ್ನ ತರಗತಿಯ ಆ ಹುಡುಗನ ಟೋಪಿ ಕಿತ್ತು ಗಿಡಕ್ಕೆ ಹಾಕುತ್ತಿದ್ದಳು. ಒಳಗೆ ಬಂದು ಪುಸ್ತಕ ಹಿಡಿದರೆ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

"ಡೈಲಾಗ್ ಹೊಡ್ಯಾಕ ಬಾಯಿ ಐತಿ, ಓದಾಕ ಇಲ್ಲೇನು?" ಎಂದರು ಟೀಚರು ತಾರಾಬಾಯಿ ಅಕ್ಕೋರು. "ನಾಳೆ ಓದಲಿಲ್ಲಂದ್ರ ಎರಡನೇತ್ತಾ ಹುಡುಗೂರ ಜೋಡಿ ಕುಂದರ್ತಿ ನೋಡು. ಇವತ್ತ ಸಂಜಿಗೆ ನಿಮ್ಮ ಮನೀಗೆ ಬರ್ತೇನಿ."

ಎರಡನೇ ತರಗತಿಗಿಂತ ಆ ಕೊನೆಯ ಮಾತಿಗೇ ಐಶ್ವರ್ಯಾ ಹೆಚ್ಚು ಅಂಜಿದಳು. ಅಕ್ಕೋರ ದನಿ ಸಾಲಿಯ ಗಂಟೆಗಿಂತ ಜೋರು.

ಸಂಜೆ ಐದಕ್ಕೆ ಚಿಲಕದ ಸದ್ದಾಯಿತು. "ಐಶ್ವರ್ಯಾ!"

ಕೌದಿ ಅಲುಗಿತು. ಹುಡುಗಿ ಬಾಗಿಲಿಗೆ ಹಾರಿದಳು. "ಕೈ ಮುಗೀತೇನ್ರಿ ಅಕ್ಕೋರ್ರಿ, ಸೈಲೆಂಟ್ ಮೋಡ್‌ನ್ಯಾಗ ಬರ್ರಿ."

ಅಕ್ಕೋರು ಮೂಕ ಟೀವಿಯನ್ನೂ ಕೌದಿಯನ್ನೂ ನೋಡಿ ಮೆಲ್ಲಗೆ ಕೂತರು. ಪುಸ್ತಕ ತೆರೆದು ಕೊಟ್ಟರು. ಐಶ್ವರ್ಯಾಳ ತುಟಿಗಳು ಪುಟದುದ್ದಕ್ಕೂ ಓಡಿದವು. ಅಕ್ಕೋರು ಪುಸ್ತಕ ಮುಚ್ಚಿ, "ಗುಬ್ಬಿ ಗೂಡು ಎಲ್ಲಿ ಕಟ್ಟಿತು?" ಎಂದು ಕೇಳಿದರು. ಹುಡುಗಿ ಅವರ ಕಿವಿಗೆ ಬಾಯಿಟ್ಟು ಇಡೀ ಪಾಠವನ್ನೇ ಊದಿಬಿಟ್ಟಳು.

"ಎಲಾ ಇವಳ! ಓದಾಕ ಬರ್ತೈತಲ್ಲ!" ಅಕ್ಕೋರು ಗಂಟೆಯಂತೆ ಮೊಳಗಿದರು.

ಕೌದಿ ಎದ್ದು ಕೂತಿತು. ಕೆಂಪು ಕಣ್ಣು. ಐಶ್ವರ್ಯಾ ಮೊದಲು ನೋಡಿದ್ದು ಚೊಂಬನ್ನು.

"ಏನ್ ಮಾಡ್ಯಾಳ್ರಿ ಇಕಿ?"

"ನಿಮ್ಮ ನಿದ್ದಿ ಕಾಯಾಕತ್ತಾಳ್ರಿ. ಅದಕ್ಕ ಸಾಲ್ಯಾಗೂ ದನಿ ತಗದು ಓದಾಕ ಅಂಜತಾಳ."

ಸಿದ್ದಲಿಂಗಪ್ಪ ನೆಗ್ಗಿದ ಚೊಂಬಿನತ್ತ ನೋಡಿದ. ಕೌದಿ ಪಕ್ಕಕ್ಕೆ ಸರಿಸಿ, "ಓದವಾ," ಎಂದ.

"ಬ್ಯಾಡ್ರಿ ದೊಡ್ಡಪ್ಪ. ಮಷೀನು…"

"ಮಷೀನ್ ಕೂಡ ನಾ ಮಾತಾಡ್ತೇನಿ. ನೀ ಓದು."

ಒಂದು ಸಾಲು ಹೊರಬಂತು, ತೊಟ್ಟಿಕ್ಕುವ ನಳದ ಹಾಗೆ. ಇನ್ನೊಂದು ಬಂತು. ಆದರೆ ದೊಡ್ಡಪ್ಪ ಮತ್ತೆ ಮಲಗಲಿಲ್ಲ. ಎರಡು ತಾಸಿನ ನಿದ್ದೆ ಬಿಟ್ಟು ಪಾಳಿಗೆ ಹೊರಟ ಅವನ ಬೆನ್ನನ್ನು ನೋಡುತ್ತ ಐಶ್ವರ್ಯಾ ಬಾಗಿಲಲ್ಲೇ ನಿಂತಳು. ತಾನೇ ಅವನನ್ನು ಮಷೀನಿನ ಬಾಯಿಗೆ ಕಳಿಸಿದಂತೆ ಅನ್ನಿಸಿತು. ಆ ರಾತ್ರಿ ಅವಳು ಉಣ್ಣಲಿಲ್ಲ.

ಬೆಳಗ್ಗೆ ಕಾರ್ಖಾನೆಯ ಬಸ್ಸು ಬರುವ ಮೊದಲೇ ಅವಳು ರಸ್ತೆಯಲ್ಲಿದ್ದಳು. ಬಸ್ಸು ನಿಂತಿತು. ಒಬ್ಬ ಇಳಿದ, ಅವನಲ್ಲ. ಇನ್ನೊಬ್ಬ, ಅವನೂ ಅಲ್ಲ. ಕೊನೆಗೆ ದೊಡ್ಡಪ್ಪ ಆಕಳಿಸುತ್ತ ಇಳಿದ. ಅವಳು ಓಡಿ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ಎಣಿಸಿದಳು.

ಒಂಬತ್ತೂವರೆ.

"ಬರೋಬ್ಬರಿ ಐತೇನವಾ?"

"ಐತ್ರಿ. ನಾಳೆ ಮತ್ತ ಎಣಸ್ತೇನ್ರಿ."

ಅಂದು ತರಗತಿಯಲ್ಲಿ ಅವಳು ಎದ್ದು ನಿಂತು ಪುಸ್ತಕ ತೆರೆದಳು. ದನಿ ನಡುಗಿತು, ಆದರೂ ಬಂತು.

"ವಾಲ್ಯೂಮ್ ಹೆಚ್ಚು ಮಾಡಲೇ!" ರೋಹಿತ ಕೂಗಿದ.

"ಸುಮ್ಕ ಕುಂದ್ರು. ಇನ್ನೂ ಇಂಟರ್ವಲ್ ಆಗಿಲ್ಲ," ಎಂದು, ದೊಡ್ಡಪ್ಪ ಎದ್ದು ಬಂದನೇನೋ ಎಂಬಂತೆ ಒಮ್ಮೆ ಬಾಗಿಲತ್ತ ಅಂಜಿ ನೋಡಿ, ಐಶ್ವರ್ಯಾ ಮುಂದಿನ ಸಾಲು ಓದಿದಳು.