ಕಿಟಕಿಗಳ ನಡುವಿನ ಹೆಂಗಸು

ವಾರ್ಸಾದ ಹಳೇಪೇಟೆ ಚೌಕದ ಉತ್ತರ ಸಾಲಿನಲ್ಲಿ ಹಳದಿ ಬಣ್ಣದ ಮನೆಯೊಂದಿದೆ. ಅದರ ಎರಡನೇ ಮಹಡಿಯಲ್ಲಿ, ಎರಡು ಕಿಟಕಿಗಳ ನಡುವೆ, ಕಲ್ಲಿನ ಹೆಣ್ಣುಮುಖವೊಂದಿತ್ತು. ತುಂಬಿದ ಕೆನ್ನೆ, ಗದ್ದದ ಕೆಳಗೆ ಇನ್ನೊಂದು ಗದ್ದ, ಯಾರ ಮೇಲೋ ಸಿಟ್ಟಾದಂಥ ಹುಬ್ಬು. ಅದು ಹದಿನೇಳನೇ ಶತಮಾನದ ದ್ರಾಕ್ಷಾರಸದ ವ್ಯಾಪಾರಿಯ ಹೆಂಡತಿಯದೆಂದು ಗೈಡುಗಳು ಪ್ರವಾಸಿಗಳಿಗೆ ಹೇಳುತ್ತಿದ್ದರು. ಆಕೆ ಪ್ಲೇಗಿನಲ್ಲಿ ಸತ್ತಳೆಂದು ಒಬ್ಬ, ಗಂಡನಿಗೆ ವಿಷ ಹಾಕಿದಳೆಂದು ಇನ್ನೊಬ್ಬ. ಭಾನುವಾರದ ಪೂಜೆ ಮುಗಿಸಿ ಎದುರು ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಮುದುಕಿ ಪೆಲಾಗ್ಯಾಗೆ ವಿಷ ಹಾಕಿಸುವ ಗೈಡೇ ಹೆಚ್ಚು ಇಷ್ಟ. ಆ ಮುಖ ಅವಳದಾಗಿತ್ತು. ಕೆತ್ತಿದವನು ಅವಳ ಗಂಡ ವಾಲೆಂತಿ, ಪಕ್ಕದಲ್ಲೇ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದ.

ಯುದ್ಧದಲ್ಲಿ ಜರ್ಮನರು ಚೌಕವನ್ನು ನೆಲಸಮ ಮಾಡಿ ಹೋದ ಮೇಲೆ ಊರಿನವರು ಹಳೆಯ ಚಿತ್ರ, ನಕ್ಷೆಗಳನ್ನು ಮುಂದಿಟ್ಟುಕೊಂಡು ಅದನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿದರು. ಇದ್ದ ಹಾಗೆ ಎಂದರೆ, ಗೊತ್ತಿದ್ದಷ್ಟು. ೧೯೫೨ರಲ್ಲಿ ವಾಲೆಂತಿಯ ಕೈಗೆ ಬಂದ ನಕ್ಷೆಯಲ್ಲಿ ಆ ಜಾಗಕ್ಕೆ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ‘ತಲೆ, ಆ ಕಾಲಕ್ಕೆ ತಕ್ಕಂತೆ’ ಎಂದು ಬರೆದಿತ್ತು. ಆ ಕಾಲಕ್ಕೆ ತಕ್ಕ ತಲೆ ಹೇಗಿರುತ್ತದೆಂದು ಇಪ್ಪತ್ತೆರಡರ ಕಲ್ಲುಕುಟಿಗನಿಗೆ ಗೊತ್ತಿರಲಿಲ್ಲ. ದಿನವೂ ಅವನ ಕಣ್ಣಿಗೆ ಬೀಳುತ್ತಿದ್ದ ತಲೆಯೆಂದರೆ ಕೆಲಸದವರಿಗೆ ಬಟಾಣಿ ಸೂಪು ಬಡಿಸುತ್ತಿದ್ದ ಪೆಲಾಗ್ಯಾಳದು. ಕಲ್ಲುರಾಶಿಯಲ್ಲಿ ಸಿಕ್ಕ ಹಳೇ ಮೆಟ್ಟಿಲಿನ ತುಂಡೊಂದನ್ನು ತಂದು ಅದರಲ್ಲಿ ಅವಳ ತಲೆಯನ್ನೇ ಕೆತ್ತಿದ. ಅವಳು ಬಂದು ನೋಡಿ, ಇಷ್ಟು ದಪ್ಪ ಇದ್ದೀನಾ ಎಂದು ಕೇಳಿದಳು. ಎರಡು ದಿನ ಅವನ ತಟ್ಟೆಗೆ ಬರೀ ನೀರು ಬಿತ್ತು. ಮೂರು ತಿಂಗಳಲ್ಲಿ ಮದುವೆಯಾಯಿತು.

ಮಕ್ಕಳಾಗಲಿಲ್ಲ. ಪೆಲಾಗ್ಯಾಳ ಮನೆ, ಅಕ್ಕ, ಒಂದು ಪೆಟ್ಟಿಗೆ ಫೋಟೊಗಳು, ಎಲ್ಲ ಯುದ್ಧದಲ್ಲಿ ಒಂದೇ ವಾರಕ್ಕೆ ಸುಟ್ಟುಹೋಗಿದ್ದವು. ಮದುವೆಯ ಫೋಟೊದಲ್ಲಿ ಚೆನ್ನಾಗಿ ಬಂದಿದ್ದು ಅವಳ ಟೋಪಿಯೊಂದೇ. ತಾನೂ ಒಮ್ಮೆ ಇಪ್ಪತ್ತನಾಲ್ಕರ ಹೆಣ್ಣಾಗಿದ್ದೆ ಎಂಬುದಕ್ಕೆ ಅವಳಿಗಿದ್ದ ಸಾಕ್ಷಿ ಆ ಕಲ್ಲು. ಅದರ ಮೇಲೆ ಅವಳಿಗೆ ಪ್ರಾಣ.

ಐವತ್ತೆರಡು ವರ್ಷಗಳ ನಂತರ ಚೌಕದ ಮನೆಗಳನ್ನು ದುರಸ್ತಿ ಮಾಡಲು ಒಂದು ಸಮಿತಿಯಾಯಿತು. ಸಮಿತಿಯ ಕಡೆಯಿಂದ ಡಾಕ್ಟರ್ ಸಾರ್ನೆತ್ಸ್ಕಾ ಎಂಬ ತರುಣಿ ಇವರ ಮನೆಗೇ ಬಂದಳು. ಯುದ್ಧಕ್ಕೆ ಮುಂಚಿನ ಒಂದು ಫೋಟೊ ತೋರಿಸಿದಳು. ಕಿಟಕಿಗಳ ನಡುವೆ ಏನೋ ದುಂಡಗಿತ್ತು. ತಲೆಯೂ ಇರಬಹುದು, ಹೂಕುಂಡವೂ ಇರಬಹುದು. ಈಗಿರುವ ತಲೆ ಕಲ್ಲುರಾಶಿಯಲ್ಲಿ ಸಿಕ್ಕ ಹಳೆಯದಾದರೆ ಉಳಿಯುತ್ತದೆ, ಯಾರೋ ಕೆಲಸಗಾರ ಮನಸ್ಸಿಗೆ ಬಂದಂತೆ ಕೆತ್ತಿದ್ದಾದರೆ ಕಿತ್ತು ಗಾರೆ ಬಳಿಯುತ್ತೇವೆ, ಆ ಮನೆ ಕಟ್ಟಿದವರಲ್ಲಿ ಈಗ ಇರುವುದು ನೀವೊಬ್ಬರೇ ಎಂದಳು. ಗುರುವಾರ ಕಾಗದದೊಂದಿಗೆ ಬರುತ್ತೇನೆ, ನಿಧಾನವಾಗಿ ನೆನಪು ಮಾಡಿಕೊಳ್ಳಿ ಎಂದು ಹೇಳಿ ಹೋದಳು.

ವಾಲೆಂತಿಗೆ ನೆನಪು ಮಾಡಿಕೊಳ್ಳುವಂಥದ್ದೇನೂ ಇರಲಿಲ್ಲ. ನಿಜ ಹೇಳಬೇಕೆಂದೇ ಅವನಿಗಿತ್ತು.

“ನನ್ನ ಕೈಕೆಲಸ ಕಣೇ ಅದು,” ಎಂದ. “ಯಾವನೋ ಸತ್ತವನ ಲೆಕ್ಕಕ್ಕೆ ಬರೆದುಬಿಡ್ಲಾ?”

“ಬರಿ. ಹೆಸರು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ?” ಎಂದಳು ಪೆಲಾಗ್ಯಾ. “ನಾನು ಅಲ್ಲಿರ್ಬೇಕು, ಅಷ್ಟೇ.”

ಗುರುವಾರ ಅವನು, ಈ ತಲೆಯನ್ನು ಕಲ್ಲುರಾಶಿಯಿಂದ ನನ್ನ ಕೈಯಾರೆ ಎತ್ತಿದೆ ಎಂದು ಸಹಿ ಹಾಕಿದ. ಸಾರ್ನೆತ್ಸ್ಕಾಳ ಕಣ್ಣು ತುಂಬಿ ಬಂತು. ಅವನ ಎರಡೂ ಕೈ ಹಿಡಿದುಕೊಂಡಳು. ಪ್ರಯೋಗಾಲಯದಲ್ಲಿ ಕಲ್ಲು ಹಳೆಯದೇ ಎಂದು ಬಂತು, ಮೆಟ್ಟಿಲು ಹಳೆಯದೇ ಆಗಿತ್ತಲ್ಲ. ಈ ಅನಾಮಿಕ ಶಿಲ್ಪಿಗೆ ಹೆಂಗಸರನ್ನು ಚಂದಗಾಣಿಸುವ ಹಂಬಲವಿರಲಿಲ್ಲ, ಅದೇ ಅವನ ದೊಡ್ಡತನ ಎಂದು ಸಮಿತಿಯ ವರದಿಯಲ್ಲಿ ಬರೆದಿದ್ದರು. ವಾಲೆಂತಿ ಆ ಪುಟವನ್ನು ಹೆಂಡತಿಗೆ ತೋರಿಸದೆ ನಾಲ್ಕು ಸಲ ಓದಿದ.

ಆಮೇಲೆ ಇನ್ನೊಂದು ಪತ್ರ ಬಂತು. ಚೌಕದಲ್ಲಿ ಉಳಿದಿರುವ ಅಪ್ಪಟ ಹಳೆಯ ತಲೆ ಇದೊಂದೇ ಆದ್ದರಿಂದ ಮಳೆಗೂ ಪಾರಿವಾಳಗಳಿಗೂ ಬಿಡುವಂತಿಲ್ಲ, ಮೂಲವನ್ನು ಮ್ಯೂಸಿಯಂಗೆ ಒಯ್ದು ಗೋಡೆಗೆ ನಕಲು ಕೂರಿಸಲಾಗುವುದು, ತಮ್ಮ ಸಹಕಾರಕ್ಕೆ ಧನ್ಯವಾದಗಳು. ಪೆಲಾಗ್ಯಾ ಪತ್ರವನ್ನು ಓದಿ ಮಡಿಸಿಟ್ಟು ಆಲೂಗಡ್ಡೆ ಸುಲಿಯಲು ಕೂತಳು. ಇಬ್ಬರಿಗೆ ಬೇಕಾದ್ದಕ್ಕಿಂತ ಬಹಳ ಸುಲಿದಳು.

ನಕಲು ಮಾಡಿದವನು ಎರಡನೇ ಗದ್ದವನ್ನು ಮಳೆನೀರಿನ ಹಾನಿಯೆಂದು ತಿಳಿದು ಸರಿಪಡಿಸಿದ್ದ. ಹುಬ್ಬಿನ ಸಿಟ್ಟೂ ಹೋಗಿತ್ತು. ಪೆಲಾಗ್ಯಾ ಬೆಂಚಿನಿಂದ ಅದನ್ನು ತುಂಬ ಹೊತ್ತು ನೋಡಿ, ಇವಳ್ಯಾರು ಎಂದು ಕೇಳಿದಳು. ವಾಲೆಂತಿಗೂ ಗೊತ್ತಿರಲಿಲ್ಲ. ಇಬ್ಬರೂ ಎದ್ದು ಮ್ಯೂಸಿಯಂಗೆ ನಡೆದರು.

ಅಲ್ಲಿ ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಎದೆಯೆತ್ತರಕ್ಕೆ ಇಟ್ಟಿದ್ದರು. ‘ಅಜ್ಞಾತ ಮಹಿಳೆ. ಸುಮಾರು ೧೬೪೦. ಶಿಲ್ಪಿ ತಿಳಿದಿಲ್ಲ.’ ಇಷ್ಟು ಹತ್ತಿರದಿಂದ ಅದನ್ನು ನೋಡಿ ಪೆಲಾಗ್ಯಾಗೆ ಅರ್ಧ ಶತಮಾನವಾಗಿತ್ತು. ಅವಳು ಗಾಜಿಗೆ ಅಂಗೈ ಒತ್ತಿದಳು.

“ಅಮ್ಮಾ, ಸ್ವಲ್ಪ ಹಿಂದೆ ನಿಲ್ಲಿ,” ಎಂದ ಕಾವಲಿನವನು. ದೊಡ್ಡ ಮೀಸೆಯ, ಮೆದು ಮಾತಿನ ಮನುಷ್ಯ.

“ಅದು ನಾನು,” ಎಂದಳು ಪೆಲಾಗ್ಯಾ.

ಅವನು ಅವಳನ್ನು ನೋಡಿದ, ಫಲಕವನ್ನು ನೋಡಿದ. “ಹೌದಮ್ಮಾ,” ಎಂದು ಹೇಳಿ, ಹೋಗಿ ಒಂದು ಕುರ್ಚಿ ತಂದಿಟ್ಟ. ಅವಳು ಕೂರಲಿಲ್ಲ. ಗಂಡನ ಕಡೆ ತಿರುಗಿದಳು.

“ಹೇಳು ಇವನಿಗೆ.”

ವಾಲೆಂತಿ ಸಹಿ ಹಾಕಿದ್ದ. ಈಗ ಬಾಯಿ ಬಿಟ್ಟರೆ ಮಾತು ಸಮಿತಿಯವರೆಗೂ ಹೋಗುತ್ತದೆ, ಈ ಗಾಜಿನ ಪೆಟ್ಟಿಗೆಯೂ ತಪ್ಪಿ ಕಲ್ಲು ಯಾವುದೋ ನೆಲಮಾಳಿಗೆ ಸೇರುತ್ತದೆ. ಅದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೆಂಡತಿ ತನ್ನ ಮುಖದ ಮುಂದೆಯೇ ಯಾರೂ ಅಲ್ಲದವಳಾಗಿ ನಿಂತಿದ್ದಳು, ಅದನ್ನು ನೋಡಲು ಅವನಿಂದಾಗಲಿಲ್ಲ.

“ಇವಳೇ,” ಎಂದ. “ಕೆತ್ತಿದ್ದು ನಾನು.”

ಕಾವಲಿನವನು ಅವನನ್ನೂ ಅಷ್ಟೇ ಮರ್ಯಾದೆಯಿಂದ ನೋಡಿ ತಲೆಯಾಡಿಸಿದ. ಆಮೇಲೆ ಇನ್ನೊಂದು ಕುರ್ಚಿ ತರಲು ಹೋದ.