ಎಡಕ್ಕೆ ಮೂರು ಸುತ್ತು

ಹಿಂದೊಮ್ಮೆ ರಾಜಧಾನಿಯಾಗಿದ್ದ ನಮ್ಮ ಅಯುತ್ಥಯಾದ ನದಿಯಲ್ಲಿ ಈಗ ಮೀಯುವವರಿಗಿಂತ ಫೋಟೊ ಹಿಡಿಸಿಕೊಳ್ಳುವವರೇ ಹೆಚ್ಚು. ಸಂಜೆ ನಾಲ್ಕೂವರೆಗೆ ಬ್ಯಾಂಕಾಕಿನಿಂದ ವ್ಯಾನುಗಳಲ್ಲಿ ಬಂದಿಳಿದು, ಬಾಡಿಗೆ ರೇಷ್ಮೆ ಉಟ್ಟು, ಬಾಡಿಗೆ ಕಿರೀಟ ಸಿಕ್ಕಿಸಿಕೊಂಡು, ಎಲ್ಲರೂ ರಾಜಮನೆತನದವರಾಗಿ ದೋಣಿ ಹತ್ತುತ್ತಾರೆ. ಗುಡಿ ಕಂಡ ಕೂಡಲೇ ಅದಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಚಿತ್ರದಲ್ಲಿ ಗುಡಿ ಹಿಂದೆ ಬರಬೇಕಲ್ಲ! ಚರಿತ್ರೆಗೆ ಬೆನ್ನು ಹಾಕುವುದು ಎಂದರೇನೆಂದು ನಲವತ್ತು ವರ್ಷ ಚರಿತ್ರೆ ಪಾಠ ಮಾಡಿದ ನಾನು ಕಣ್ಣಾರೆ ಕಂಡದ್ದು ನಿವೃತ್ತಿಯ ನಂತರವೇ.

ಅಂಥ ದೋಣಿಯನ್ನು ನಾನು ಹತ್ತಿದ್ದು ನೆರೆಮನೆಯ ಸವೇಂಗಣ್ಣನಿಗಾಗಿ. ಅವನ ಹೆಂಡತಿ ಚಲಾವ್ ತೀರಿಕೊಂಡು ಅಂದಿಗೆ ನೂರು ದಿನ. ಅವಳ ಬೂದಿಯನ್ನು ಪುತ್ಥೈಸವನ್ ಗುಡಿಯೆದುರಿನ ನೀರಿಗೆ ಬಿಡಬೇಕು, ಅದೂ ಈ ದೋಣಿಯಿಂದಲೇ ಬಿಡಬೇಕು ಎಂಬುದು ಅವನ ಹಟ. ಈ ದೋಣಿ ಹಿಂದೆ ಅವರದೇ ಆಗಿತ್ತು. ಭತ್ತ ಸಾಗಿಸುತ್ತ ಇದರಲ್ಲೇ ಮೂವತ್ತೊಂದು ವರ್ಷ ಉಂಡು, ಮಲಗಿ, ಇಬ್ಬರು ಮಕ್ಕಳನ್ನು ಹೆತ್ತಿದ್ದರು. ಕೊಂಡವರು ಅದಕ್ಕೆ ಎಂಜಿನ್ ಕೂರಿಸಿ, ಮೆರುಗೆಣ್ಣೆ ಬಳಿದು, ಪ್ಲಾಸ್ಟಿಕ್ ಹೂ ನೇತುಹಾಕಿದ್ದರು. ಸವೇಂಗಣ್ಣ ಹೋಗಿ ಕೇಳಿದಾಗ, “ಸಾವಿನ ವಿಷಯ ಬೇಡ ಅಜ್ಜ, ಗಿರಾಕಿಗಳ ಮೂಡ್ ಕೆಡುತ್ತೆ” ಎಂದು ಕಳಿಸಿದ್ದರು. ಹಾಗಾಗಿ ನಾವಿಬ್ಬರೂ ಗಿರಾಕಿಗಳಾಗಿಯೇ ಬಂದೆವು. ಬಿಳಿ ಬಟ್ಟೆಯ ಗಂಟು ಬಿದಿರು ಬುಟ್ಟಿಯಲ್ಲಿತ್ತು. ಅದರ ಮೇಲೆ ಮಲ್ಲಿಗೆ, ಗುಲಾಬಿ ಎಸಳು.

ಚುಕ್ಕಾಣಿ ಹಿಡಿದಿದ್ದ ತಮ್ರೋಂಗ್ ಬಾಯಲ್ಲಿ ಕಡ್ಡಿ ಕಚ್ಚಿಕೊಂಡೇ ಇದ್ದ. ದೋಣಿಯ ಮೂತಿಗೆ ಕಟ್ಟಿದ್ದ ಹಾರಕ್ಕೆ ಸವೇಂಗಣ್ಣ ಕೈಮುಗಿದು, ಒಂದು ಕಂಬವನ್ನು ಮೆಲ್ಲಗೆ ಸವರುವುದನ್ನು ನೋಡಿ, ಒಂದು ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದ. ಹಿರಿಯರಿಗೆ ಕಾಲಿನಿಂದ! ಇವನೂ ಅದೇ ಗುಂಪಿನವನು ಎಂದುಕೊಂಡೆ.

ಗೈಡ್ ಹುಡುಗಿ ಪಿಮ್ಲದಾ ಮೈಕು ಹಿಡಿದು ಆರಂಭಿಸಿದಳು. “ಮುನ್ನೂರು ವರ್ಷದ ಹಿಂದೆ ಇದೇ ದೋಣೀಲಿ, ಇದೇ ಜಾಗದಲ್ಲಿ ಕೂತು ರಾಣಿ ಹುಣ್ಣಿಮೆ ಚಂದ್ರನ್ನ ನೋಡ್ತಿದ್ರು!”

“ಅಲ್ಲಿ ನಮ್ಮವಳು ಮೀನು ಕೆರೀತಿದ್ಲು ಟೀಚರಮ್ಮ,” ಎಂದ ಸವೇಂಗಣ್ಣ. “ಚಂದ್ರನ್ನ ಎಲ್ಲಿ ನೋಡ್ತಾಳೆ, ಬೆಕ್ಕು ಕಾಯೋದೇ ಆಗಿತ್ತು.”

“ಅಜ್ಜ, ಬುಟ್ಟೀಲಿ ಏನದು?” ಪಿಮ್ಲದಾ ಬಂದೇಬಿಟ್ಟಳು. “ಹೊರಗಿನ ತಿಂಡಿ ತರೋ ಹಾಗಿಲ್ಲ.”

“ತಿಂಡಿ ಅಲ್ಲಮ್ಮ. ನನ್ನ ಹೆಂಡ್ತಿ...”

“ಹೆಂಡ್ತಿ ಮಾಡಿದ್ರೂ ಅಷ್ಟೇ, ಅಂಗಡೀದಾದ್ರೂ ಅಷ್ಟೇ. ಇಳಿಯೋವಾಗ ಕೊಡ್ತೀನಿ.”

ಅವನ ಮಡಿಲಿನಿಂದ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ತಮ್ರೋಂಗನ ಕಾಲ ಬಳಿ ನೆಲಕ್ಕಿಟ್ಟಳು. ಸವೇಂಗಣ್ಣ ಅರ್ಧ ಎದ್ದವನು ಮತ್ತೆ ಕೂತ. ನಿಜ ಹೇಳಿದರೆ ನಮ್ಮನ್ನು ಮುಂದಿನ ಕಟ್ಟೆಯಲ್ಲೇ ಇಳಿಸುತ್ತಾರೆ; ಹೇಳದಿದ್ದರೆ ಗುಡಿ ದಾಟಿಹೋಗುತ್ತದೆ. ಸುತ್ತ ರಾಜಕುಮಾರಿಯರು ಮೀನಿಗೆ ಬ್ರೆಡ್ ಎಸೆದು, ಎಸೆದ ಕೈಯ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಪುಣ್ಯಕ್ಕೂ ಸಾಕ್ಷಿ ಬೇಕು.

ತಮ್ರೋಂಗ್ ಬಗ್ಗಿ ನೋಡಿದ. ಬಿಳಿ ಬಟ್ಟೆಯ ಅಂಚು, ಮಲ್ಲಿಗೆ. ಬಾಯಿಂದ ಕಡ್ಡಿ ತೆಗೆದು ಎಸೆದ. ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ, ತನ್ನ ತಲೆಗಿಂತ ಮೇಲಿನ ಹಲಗೆಯ ಮೇಲಿಟ್ಟು ಕೈಮುಗಿದ. ನಾನು ಮುಖ ತಿರುಗಿಸಿಕೊಂಡೆ. ಅವನ ಬಗ್ಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಪುತ್ಥೈಸವನ್ನಿನ ಬಿಳಿ ಗೋಪುರ ಕಂಡಾಗ ಎಂಜಿನ್ನಿನ ಸದ್ದು ತಗ್ಗಿತು.

“ಅಜ್ಜಾ, ಹಿಂದ್ಗಡೆ ಬನ್ನಿ. ನೀರು ಹತ್ರ ಸಿಗುತ್ತೆ,” ಎಂದು ತಮ್ರೋಂಗ್ ಬುಟ್ಟಿ ಇಳಿಸಿಕೊಟ್ಟ.

ಸವೇಂಗಣ್ಣ ಮೊಣಕಾಲೂರಿದ, ನಾನು ಅವನ ಅಂಗಿ ಹಿಡಿದುಕೊಂಡೆ. ಗಂಗಮ್ಮನ ಕ್ಷಮೆ ಕೇಳಿ ಗಂಟನ್ನು ನೀರಿಗಿಳಿಸಿದ. ಎಸಳುಗಳು ಹರಡಿದವು. “ಹೋಗು ಮಾರಾಯ್ತಿ, ನಿಧಾನಕ್ಕೆ,” ಎಂದ.

ಗಂಟು ಬಿಟ್ಟ ಜಾಗವನ್ನು ಸುತ್ತುತ್ತ ದೋಣಿ ಎಡಕ್ಕೆ ತಿರುಗಿತು. ಚಿತೆಯ ಸುತ್ತ ನಾವು ಸತ್ತವರನ್ನು ಮೂರು ಸಲ ಎಡಸುತ್ತಿನಲ್ಲಿ ಒಯ್ಯುತ್ತೇವಲ್ಲ, ಹಾಗೆ.

“ತಮ್ರೋಂಗಣ್ಣಾ, ತಲೆಗಿಲೆ ತಿರುಗ್ತಾ? ಸೂರ್ಯ ಮುಳುಗೋದ್ರೊಳಗೆ ಮುಂದಿನ ಗುಡಿ ಮುಟ್ಟಬೇಕು!” ಪಿಮ್ಲದಾ ಮೈಕಿನಲ್ಲೇ ಕೂಗಿದಳು. ಗಿರಾಕಿಗಳು ಮಾತ್ರ ಹೋ ಎಂದರು. ಗುಡಿ ತಾನಾಗಿ ಮುಂದಿನಿಂದ ಹಿಂದಕ್ಕೆ ಬರುತ್ತಿತ್ತು, ತಿರುಗಿ ನಿಲ್ಲುವ ಶ್ರಮವೂ ತಪ್ಪಿತು.

ಎರಡನೆಯ ಸುತ್ತಿಗೆ ಅವಳಿಗೆ ನೀರಿನ ಮೇಲಿನ ಎಸಳು ಕಂಡವು. ಮೈಕು ಕೆಳಗಿಳಿಯಿತು. ಎಷ್ಟಾದರೂ ಈ ದಂಡೆಯ ಹುಡುಗಿ. ಮೂರನೆಯ ಸುತ್ತಿನಲ್ಲಿ ಬ್ರೆಡ್ ಎಸೆಯಲು ಹೊರಟವಳೊಬ್ಬಳ ಕೈಯನ್ನು ಹಿಡಿದು ತಡೆದಳು ಕೂಡ. ಇಳಿಯುವಾಗ ಖಾಲಿ ಬುಟ್ಟಿಯನ್ನು ತಾನೇ ಒರೆಸಿ ತಂದುಕೊಟ್ಟಳು.

ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಅವರನ್ನೆಲ್ಲ ಕ್ಷಮಿಸಿಬಿಡುತ್ತಿದ್ದೆ. ಆದರೆ ಆ ಗಿರಾಕಿಗಳು ಹೋಗಿ ಊರಿಗೆಲ್ಲ ಸಾರಿದ್ದರು. ಮುಂದಿನ ವಾರ ಕಟ್ಟೆಯ ಮೇಲೆ ಹೊಸ ಬೋರ್ಡು: “ವಿಶೇಷ ಆಕರ್ಷಣೆ! ಗುಡಿಯೆದುರು ಮೂರು ರಾಜಸುತ್ತು!”

ನನಗೆ ಮೈ ಉರಿಯಿತು. ಶವದ ಸುತ್ತನ್ನು ಮೋಜೆಂದು ಮಾರುವ ಮೂಢರು! ದೂರು ಬರೆದುಕೊಂಡು ಸವೇಂಗಣ್ಣನ ಸಹಿಗೆ ಹೋದೆ. ಅವನು ಗುಡಿಯ ಮೆಟ್ಟಿಲ ಮೇಲೆ ಕೂತು, ತನ್ನ ಹಳೆಯ ದೋಣಿ ಎಡಕ್ಕೆ ಸುತ್ತುವುದನ್ನು ನೋಡುತ್ತಿದ್ದ. ದೋಣಿಯೊಳಗೆ ನಲವತ್ತು ಕಿರೀಟಗಳು ಕಿರುಚುತ್ತಿದ್ದವು.

“ಹರಿದುಹಾಕಿ ಟೀಚರಮ್ಮ,” ಎಂದ. “ಹೆಣ ಎತ್ತೋಕೆ ನಾಲ್ಕು ಜನ ಸಿಗಲಿಲ್ಲ ಅಂತ ಕೊರಗಿದ್ದೆ. ಈಗ ನೋಡಿ, ದಿನಾ ಇಷ್ಟು ಜನ ರೇಷ್ಮೆ ಉಟ್ಕೊಂಡು ನನ್ನ ಚಲಾವ್ ಸುತ್ತ ಸುತ್ತಿ ಹೋಗ್ತಾರೆ. ಯಾವ ರಾಣಿಗೆ ಸಿಕ್ತು ಹೇಳಿ?”